ಬೆಳಿಗ್ಗೆ ಬ್ಲೂ ಸ್ಕ್ರೀನ್, ಗಡಿಯಾರ 2012ಕ್ಕೆ ವಾಪಸ್, ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಳದಿ: ತೊಂದರೆ ಬೋರ್ಡಿನದೋ ಡಿಸ್ಕಿನದೋ?

ಕಲ್ಪತರು_ಲೆಕ್ಕ

ಎಲ್ಲರಿಗೂ ನಮಸ್ಕಾರ. ಅಂಗಡಿ ಲೆಕ್ಕದ ಡೆಸ್ಕ್‌ಟಾಪ್ ಬಗ್ಗೆ ಸಲಹೆ ಬೇಕಿತ್ತು.

ಯಂತ್ರ: ಎಚ್61 ಚಿಪ್‌ಸೆಟ್‌ನ ಬೋರ್ಡ್, 3ನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್, 3.5 ಇಂಚಿನ 1 ಟಿಬಿ ಹಾರ್ಡ್ ಡಿಸ್ಕ್ ಒಂದೇ ಒಂದು, ವಿಂಡೋಸ್ 10. ಯುಪಿಎಸ್ ಇದೆ, ಅದರ ಬ್ಯಾಟರಿ ಸತ್ತಿದೆ. ಕರೆಂಟ್ ಹೋದರೆ ಸಿಸ್ಟಂ ಆ ಕ್ಷಣಕ್ಕೇ ಆಫ್.

ಮೊದಲನೇ ತೊಂದರೆ: ರಾತ್ರಿ ಗೋಡೆಯ ಸ್ವಿಚ್ ಆರಿಸಿ ಹೋಗಿ ಬೆಳಿಗ್ಗೆ ಹಾಕಿದರೆ 'ಸಿಮಾಸ್ ಚೆಕ್‌ಸಮ್ ಎರರ್, ಎಫ್1 ಒತ್ತಿ' ಅಂತ ಬರುತ್ತೆ. ಎಫ್1 ಒತ್ತಿದರೆ ಲೋಗೋ ಬಂದು, ನಂತರ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅನ್ನೋ ನೀಲಿ ಪರದೆ. ಬಯೋಸ್‌ನಲ್ಲಿ ಡೀಫಾಲ್ಟ್ ಲೋಡ್ ಮಾಡಿದರೂ ಅದೇ. ರಿಪೇರಿಯವರು ಬಂದು ಸಾಟಾ ಮೋಡ್ ಅನ್ನೋದನ್ನ ಎಎಚ್‌ಸಿಐ ಮಾಡಿಕೊಟ್ಟರು, ಆವತ್ತೆಲ್ಲ ಸರಿ ಇತ್ತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಕತೆ, ತಾರೀಖು 2012ಕ್ಕೆ ಹೋಗಿರುತ್ತೆ.

ಎರಡನೇದು: ಕೆಲಸ ಮಾಡ್ತಾ ಇದ್ದಾಗ 20-30 ಸೆಕೆಂಡ್ ಎಲ್ಲಾ ನಿಂತು ಹೋಗುತ್ತೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100%, ಆದರೆ ವೇಗ ಸೊನ್ನೆ. ಇವೆಂಟ್ ವ್ಯೂವರ್‌ನಲ್ಲಿ 7 ಮತ್ತು 129 ಸಂಖ್ಯೆಯ ಎಂಟ್ರಿಗಳು ತುಂಬಾ ಇವೆ. ಟಕ್ ಟಕ್ ಸದ್ದೇನೂ ಇಲ್ಲ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ (ಡಿಸ್ಕಿನ ಆರೋಗ್ಯ ತೋರಿಸೋ ತಂತ್ರಾಂಶ) ಹಳದಿ ತೋರಿಸ್ತಿದೆ. ಕಚ್ಚಾ ಮೌಲ್ಯಗಳು ಹೀಗಿವೆ (ಮುಂದಿನ ಸೊನ್ನೆ ಬಿಟ್ಟಿದ್ದೀನಿ, 01 ಮಾತ್ರ ಪೂರ್ತಿ):

01: 000006ಬಿ4ಸಿ2ಡಿ8
05: 0
09: 53ಎ2
ಸಿ0: 2ಎಫ್1
ಸಿ5: 28
ಸಿ6: 28
ಸಿ7: 1ಎ3

01 ಅಷ್ಟು ದೊಡ್ಡದಿರೋದು ನೋಡಿ ಗಾಬರಿ ಆಗಿದೆ. ಡಿ ಡ್ರೈವ್‌ನಲ್ಲಿ ಟ್ಯಾಲಿ ಡೇಟಾ, ನುಡಿಯಲ್ಲಿ ಮಾಡಿದ ಕಡತಗಳು, ಒಟ್ಟು ಸುಮಾರು 60 ಜಿಬಿ. ಬ್ಯಾಕಪ್ ಮಾರ್ಚ್‌ದು ಒಂದು ಪೆನ್‌ಡ್ರೈವ್‌ನಲ್ಲಿದೆ, ಅಷ್ಟೇ. ರಿಪೇರಿಯವರು ಬೋರ್ಡ್ ಹೋಗಿದೆ, ಫಾರ್ಮ್ಯಾಟ್ ಮಾಡಿ ಹೊಸ ಸಿಸ್ಟಂಗೆ ಹಾಕೋಣ ಅಂತಿದ್ದಾರೆ. ಏನು ಮಾಡಲಿ?

---

ಪ್ಲಾಟರ್

ಸರ್, ಫಾರ್ಮ್ಯಾಟ್ ಮಾಡೋಕೆ ಬಿಡಬೇಡಿ. ಬೋರ್ಡ್ ಹೋಗಿದೆ ಅನ್ನೋದಕ್ಕೂ ನೀವು ಕೊಟ್ಟ ವಿವರದಲ್ಲಿ ಆಧಾರ ಇಲ್ಲ. ನಿಮ್ಮಲ್ಲಿರೋದು ಒಂದಕ್ಕೊಂದು ಸಂಬಂಧ ಇಲ್ಲದ ಕಾಯಿಲೆಗಳು, ಒಂದೇ ಸಮಯಕ್ಕೆ ಬಂದಿವೆ. ಎಲ್ಲವನ್ನೂ ಸೇರಿಸಿ ನೋಡಿದ್ದಕ್ಕೇ ರೋಗ ದೊಡ್ಡದಾಗಿ ಕಾಣ್ತಿದೆ.

ಬೆಳಗಿನ ನೀಲಿ ಪರದೆ ಡಿಸ್ಕಿನ ತಪ್ಪಲ್ಲ. ಬೋರ್ಡ್ ಮೇಲೆ ನಾಣ್ಯದ ಆಕಾರದ ಸಿಆರ್2032 ಬ್ಯಾಟರಿ ಇದೆಯಲ್ಲ, ಅದು ಮುಗಿದಿದೆ. ಕಂಪ್ಯೂಟರ್ ಆಫ್ ಆಗಿದ್ದರೂ ಗೋಡೆಯ ಸ್ವಿಚ್ ಆನ್ ಇರೋವರೆಗೆ ಎಸ್‌ಎಂಪಿಎಸ್‌ನಿಂದ (ಪವರ್ ಸಪ್ಲೈ ಪೆಟ್ಟಿಗೆ) 5 ವೋಲ್ಟ್ ಸ್ಟ್ಯಾಂಡ್‌ಬೈ ಬರ್ತಾನೇ ಇರುತ್ತೆ, ಗಡಿಯಾರ ಮತ್ತು ಬಯೋಸ್ ಸೆಟ್ಟಿಂಗ್ ಅದರ ಮೇಲೆ ನಡೆಯುತ್ತೆ. ಸ್ವಿಚ್ ಆರಿಸಿದ ಮೇಲೆ ಮಾತ್ರ ಬ್ಯಾಟರಿಯ ಸರದಿ. ಅದಕ್ಕೇ ಹಗಲು ಸರಿ, ಬೆಳಿಗ್ಗೆ ಕೆಟ್ಟದ್ದು. ಆ ಸೆಟ್ಟಿಂಗ್‌ನ ನೆನಪು (ಸಿಮಾಸ್) ಅಳಿಸಿಹೋದಾಗ ಬಯೋಸ್ ಕಾರ್ಖಾನೆಯ ಸೆಟ್ಟಿಂಗ್‌ಗೆ ಹೋಗುತ್ತೆ. ಆ ಕಾಲದ ಕೆಲವು ಬೋರ್ಡ್‌ಗಳಲ್ಲಿ ಸಾಟಾ ಮೋಡ್‌ನ (ಬೋರ್ಡ್ ಡಿಸ್ಕ್ ಜೊತೆ ಮಾತಾಡೋ ರೀತಿ) ಡೀಫಾಲ್ಟ್ ಐಡಿಇ. ನಿಮ್ಮ ವಿಂಡೋಸ್ ಕೂತಿರೋದು ಎಎಚ್‌ಸಿಐ ಮೇಲೆ. ಬೂಟ್ ಆಗುವಾಗ ಐಡಿಇಗೆ ಬೇಕಾದ ಡ್ರೈವರ್ ಎದ್ದಿರೋದಿಲ್ಲ, ವಿಂಡೋಸ್‌ಗೆ ತನ್ನ ಡಿಸ್ಕೇ ಸಿಗೋದಿಲ್ಲ, ನೀಲಿ ಪರದೆ ಬೀಳುತ್ತೆ. 'ಡೀಫಾಲ್ಟ್ ಲೋಡ್' ಮಾಡಿದರೂ ಬಗೆಹರಿಯದೇ ಇರೋದು ಇದಕ್ಕೇ, ಇಲ್ಲಿ ಡೀಫಾಲ್ಟೇ ತೊಂದರೆ.

ಮಾಡಬೇಕಾದ್ದು: ಸಿಸ್ಟಂ ಚೆನ್ನಾಗಿ ಓಡ್ತಿರೋ ಹೊತ್ತಿನಲ್ಲಿ ರೀಸ್ಟಾರ್ಟ್ ಮಾಡಿ ಡಿಲೀಟ್ ಕೀ ಒತ್ತಿ ಬಯೋಸ್‌ಗೆ ಹೋಗಿ, ಪ್ರತಿ ಪುಟದ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಆಮೇಲೆ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಬ್ಯಾಟರಿ ಪಕ್ಕದ ಸಣ್ಣ ಲೋಹದ ಕೊಂಡಿಯನ್ನ ಉಗುರಿನಿಂದ ಹೊರಕ್ಕೆ ತಳ್ಳಿದರೆ ಬ್ಯಾಟರಿ ತಾನೇ ಮೇಲೇಳುತ್ತೆ. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಡಿ, ಜಾರಿದರೆ ಬೋರ್ಡಿನ ಗೆರೆ ತುಂಡಾಗುತ್ತೆ. ಪ್ಲಸ್ ಗುರುತು ಮೇಲೆ ಬರೋ ಹಾಗೆ ಹೊಸದನ್ನ ಕೂರಿಸಿ. ಸಿಆರ್2025 ಅದೇ ಅಗಲ ಇರುತ್ತೆ, ದಪ್ಪ 2.5 ಮಿ.ಮೀ. ಮಾತ್ರ, ಸಡಿಲ ಕೂತು ಮತ್ತೆ ಇದೇ ತೊಂದರೆ ಕೊಡುತ್ತೆ, 2032 ಅಂತ ಬರೆದಿರೋದನ್ನೇ ನೋಡಿ ತನ್ನಿ. ಮೀಟರ್ ಇದ್ದರೆ ಹಳೇದನ್ನ ಅಳೆಯಿರಿ: ಹೊಸ ಬ್ಯಾಟರಿ 3 ವೋಲ್ಟ್ ಮೇಲೆ ತೋರಿಸುತ್ತೆ, 2.7ಕ್ಕಿಂತ ಕೆಳಗಿದ್ದರೆ ನಂಬಬೇಡಿ.

ನಂತರ ಬಯೋಸ್‌ನಲ್ಲಿ ತಾರೀಖು, ಸಮಯ, ಸಾಟಾ ಮೋಡ್ ಎಎಚ್‌ಸಿಐ, ಬೂಟ್ ಕ್ರಮದಲ್ಲಿ ಹಾರ್ಡ್ ಡಿಸ್ಕ್ ಮೊದಲು, ಉಳಿದದ್ದು ಫೋಟೋದಲ್ಲಿದ್ದ ಹಾಗೆ. ಬೂಟ್ ಆಗೋ ರೀತಿ ಲೆಗಸಿಯೋ ಯುಇಎಫ್ಐಯೋ ಅನ್ನೋದನ್ನ ಊಹೆಯಿಂದ ಬದಲಾಯಿಸಬೇಡಿ. ವಿಂಡೋಸ್ ಒಳಗೆ ಎಂಎಸ್‌ಇನ್ಫೋ32 ತೆರೆದರೆ 'ಬಯೋಸ್ ಮೋಡ್' ಅನ್ನೋ ಸಾಲಿನಲ್ಲಿ ಯಾವುದು ಅಂತ ಬರೆದಿರುತ್ತೆ. ಬಯೋಸ್ ಅಪ್‌ಡೇಟ್ ಮಾಡಿ ಅಂತ ಯಾರಾದರೂ ಹೇಳಿದರೆ ಈಗ ಬೇಡ ಅನ್ನಿ. ಬ್ಯಾಟರಿ ಸತ್ತ ಯುಪಿಎಸ್ ಮೇಲೆ ಅದನ್ನ ಮಾಡುವಾಗ ಕರೆಂಟ್ ಹೋದರೆ ಆಗ ನಿಜವಾಗಿ ಬೋರ್ಡ್ ಹೋಗುತ್ತೆ.

ಇನ್ನೊಂದು ಎಚ್ಚರ. ಗಡಿಯಾರ 2012 ತೋರಿಸ್ತಿದ್ದ ಹೊತ್ತಿನಲ್ಲಿ ಉಳಿಸಿದ ಕಡತಗಳ ಮೇಲೆ 2012ರ ತಾರೀಖೇ ಕೂತಿರುತ್ತೆ. 'ಹೊಸ ಕಡತ ಮಾತ್ರ ನಕಲು ಮಾಡು' ಅನ್ನೋ ಬ್ಯಾಕಪ್ ತಂತ್ರಾಂಶ ಅವನ್ನ ಬಿಟ್ಟು ಹೋಗುತ್ತೆ. ಹಾಗಾಗಿ ಈ ಸಲ ಎಲ್ಲವನ್ನೂ ನಕಲು ಮಾಡಿ.

ಈಗ ಡಿಸ್ಕ್. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಕಚ್ಚಾ ಮೌಲ್ಯವನ್ನ ಹದಿನಾರರ ಎಣಿಕೆಯಲ್ಲಿ ತೋರಿಸುತ್ತೆ, 28 ಅಂದರೆ ಇಪ್ಪತ್ತೆಂಟಲ್ಲ. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್ ಒಳಗೆ ರಾ ವ್ಯಾಲ್ಯೂಸ್ ಅಂತಿದೆ, ಅಲ್ಲಿ 10 ಅಂತ ಆರಿಸಿದರೆ ನಮ್ಮ ಎಣಿಕೆಗೆ ಬರುತ್ತೆ. ನಿಮ್ಮದನ್ನ ಬಿಡಿಸಿದರೆ: ಓಡಿದ ಗಂಟೆ (09) 21,410. ದಿಢೀರ್ ವಿದ್ಯುತ್ ಹೋಗಿ ಹೆಡ್ (ತಟ್ಟೆ ಓದೋ ತುದಿ) ಓಡಿ ಹಿಂದೆ ಸರಿದದ್ದು (ಸಿ0) 753 ಸಲ. ಓದಲಾಗದೆ ಕಾಯ್ತಿರೋ ಸೆಕ್ಟರ್, ಅಂದರೆ ಡಿಸ್ಕಿನ ಸಣ್ಣ ತುಂಡುಗಳು (ಸಿ5) 40. ಕೇಬಲ್ ದಾರಿಯ ದೋಷ (ಸಿ7) 419.

01 ಬಗ್ಗೆ ಗಾಬರಿ ಬೇಡ. ಡಿಸ್ಕ್ ಸೀಗೇಟ್‌ದಾದರೆ ಆ 12 ಅಂಕಿಯಲ್ಲಿ ಮೊದಲ 4 ದೋಷದ ಎಣಿಕೆ, ಉಳಿದ 8 ಓದಿದ ಕೆಲಸದ ಎಣಿಕೆ. ನಿಮ್ಮದರ ಮೊದಲ ನಾಲ್ಕು ಸೊನ್ನೆ.

ನಿಜವಾಗಿ ಯೋಚಿಸಬೇಕಾದ್ದು ಸಿ5. ಒಂದು ಸೆಕ್ಟರ್ ಓದಿದಾಗ ಅದರ ಜೊತೆ ಬರೆದಿಟ್ಟ ತಿದ್ದುಪಡಿ ಸಂಕೇತಕ್ಕೆ ತಾಳೆ ಆಗದಿದ್ದರೆ ಡಿಸ್ಕ್ ಅದನ್ನ 'ಕಾಯುವ ಪಟ್ಟಿ'ಗೆ ಹಾಕುತ್ತೆ. ಒಳಗೆ ಏನಿತ್ತು ಅಂತ ಅದಕ್ಕೆ ಗೊತ್ತಿಲ್ಲ, ಹಾಗಾಗಿ ತಾನಾಗಿ ಬದಲಾಯಿಸೋದೂ ಇಲ್ಲ. ಅದೇ ಜಾಗಕ್ಕೆ ಹೊಸದಾಗಿ ಏನಾದರೂ ಬರೆದಾಗ ಮಾತ್ರ ತೀರ್ಮಾನ: ಬರೆದದ್ದು ಸರಿಯಾಗಿ ನಿಂತರೆ ಪಟ್ಟಿಯಿಂದ ತೆಗೆಯುತ್ತೆ, ನಿಲ್ಲದಿದ್ದರೆ ಮೀಸಲು ಜಾಗದಿಂದ ಒಂದು ಸೆಕ್ಟರ್ ಕೊಟ್ಟು 05ಅನ್ನ ಏರಿಸುತ್ತೆ. ನಿಮ್ಮ 05 ಸೊನ್ನೆ ಇರೋದರಿಂದ ತಟ್ಟೆ ಸವೆದಿದೆ ಅಂತ ಇನ್ನೂ ಹೇಳೋ ಹಾಗಿಲ್ಲ. ಬರೆಯುವ ಮಧ್ಯೆ ಕರೆಂಟ್ ಹೋದರೂ ಸೆಕ್ಟರ್ ಅರ್ಧ ಬರೆದು ಇದೇ ಸ್ಥಿತಿಗೆ ಬರುತ್ತೆ, ನಿಮಗೆ 753 ಸಲ ಹೋಗಿದೆ. ಮತ್ತೊಂದು ಗಮನಿಸಿ, ಈಗಿನ ಡಿಸ್ಕ್‌ಗಳ ಒಳಗಿನ ನಿಜವಾದ ಸೆಕ್ಟರ್ 4096 ಬೈಟ್, ಹೊರಗೆ ತೋರಿಸೋದು 512. ಒಂದು ಕೆಟ್ಟರೆ ಎಣಿಕೆಯಲ್ಲಿ 8 ಏರುತ್ತೆ. 40 ಅಂದರೆ ಬಹುಶಃ ಐದೇ ಜಾಗ.

ಆದರೂ ಇವತ್ತಿನಿಂದ ಈ ಡಿಸ್ಕ್ ಮೇಲೆ ಲೆಕ್ಕ ಬರೆಯೋದು ನಿಲ್ಲಿಸಿ. ಮೊದಲು ಟ್ಯಾಲಿ ಡೇಟಾ ಫೋಲ್ಡರನ್ನ ಪೆನ್‌ಡ್ರೈವ್‌ಗೆ ಹಾಕಿ. ಅದರೊಳಗೆ 10000, 10001 ತರಹ ಅಂಕಿಯ ಹೆಸರಿನ ಫೋಲ್ಡರ್ ಇರುತ್ತವೆ, ಒಂದೊಂದೂ ಒಂದೊಂದು ಕಂಪನಿ; ಗಾತ್ರ ಚಿಕ್ಕದು, ಕೆಲವೇ ನಿಮಿಷ. ಆಮೇಲೆ ಪೂರ್ತಿ ಡಿಸ್ಕನ್ನ ಹೊಸದಕ್ಕೆ ಕ್ಲೋನ್ (ಇದ್ದ ಹಾಗೇ ನಕಲು) ಮಾಡಿ. ವಿಧಾನ ಬೇಕಾದರೆ ಬರೀತೀನಿ.

---

ಹಳೇ_ಫ್ಲಾಪಿ

ಹೊಸ ಡಿಸ್ಕ್ ಕೊಳ್ಳೋ ಮೊದಲು ಒಂದು ಸಲ ಚೆಕ್‌ಡಿಸ್ಕ್ (ವಿಂಡೋಸ್‌ನ ಡಿಸ್ಕ್ ತಪಾಸಣೆ) ಹಾಕಿ ನೋಡಬಹುದಲ್ಲ? ಸ್ಲ್ಯಾಷ್ ಆರ್ ಆಯ್ಕೆ ಕೊಟ್ಟರೆ ಬ್ಯಾಡ್ ಸೆಕ್ಟರ್ ಹುಡುಕಿ ಗುರುತು ಹಾಕುತ್ತೆ, ಆಮೇಲೆ ವಿಂಡೋಸ್ ಆ ಜಾಗ ಮುಟ್ಟೋದಿಲ್ಲ. 05 ಸೊನ್ನೆ ಅಂತ ಪ್ಲಾಟರ್ ಅವರೇ ಹೇಳ್ತಿದ್ದಾರೆ, ಅಂದಮೇಲೆ ಡಿಸ್ಕ್ ಇನ್ನೂ ಗಟ್ಟಿ ಇದೆ.

---

ಪ್ಲಾಟರ್

ಫ್ಲಾಪಿ ಸರ್, ಡಿಸ್ಕ್ ಗಟ್ಟಿ ಇರಬಹುದು ಅನ್ನೋದು ಒಪ್ತೀನಿ. ಆದರೆ ನಕಲು ಕೈಯಲ್ಲಿಲ್ಲದೆ ಚೆಕ್‌ಡಿಸ್ಕ್ ಹಾಕೋದನ್ನ ಒಪ್ಪೋಕಾಗಲ್ಲ, ಈ ವಿಷಯದಲ್ಲಿ ಡೇಟಾ ಕಳಕೊಂಡವರು ಬಹಳ.

ಚೆಕ್‌ಡಿಸ್ಕ್ ಕಾಪಾಡೋದು ಫೈಲ್ ಸಿಸ್ಟಂನ ಲೆಕ್ಕವನ್ನ, ನಿಮ್ಮ ಕಡತವನ್ನಲ್ಲ. ಫೋಲ್ಡರ್ ಪಟ್ಟಿ ಇರೋ ಸೆಕ್ಟರನ್ನ ಓದಲಾಗದಿದ್ದರೆ ಆ ಪಟ್ಟಿಯ ಕೊಂಡಿ ಕತ್ತರಿಸಿ, ಕಡತಗಳನ್ನ ಹೆಸರಿಲ್ಲದ ತುಂಡುಗಳಾಗಿ ಬೇರೆ ಫೋಲ್ಡರ್‌ಗೆ ಹಾಕುತ್ತೆ. ಅದರ ಲೆಕ್ಕಕ್ಕೆ ಅದು ರಿಪೇರಿ. ಅದೂ ಮೂಲ ಡಿಸ್ಕ್ ಮೇಲೇ ಬರೆಯುತ್ತೆ, ಹಿಂದಕ್ಕೆ ಬರೋ ದಾರಿ ಇಲ್ಲ. ಜೊತೆಗೆ ಸ್ಲ್ಯಾಷ್ ಆರ್ ಅಂದರೆ 1 ಟಿಬಿಯ ಪ್ರತಿ ಕ್ಲಸ್ಟರ್ (ವಿಂಡೋಸ್ ಒಟ್ಟಿಗೆ ಎಣಿಸೋ ಸೆಕ್ಟರ್ ಗುಂಪು) ಓದೋದು. ಹೆಡ್ ದುರ್ಬಲವಾಗಿದ್ದರೆ ಆ ಒಂದು ಓಟದಲ್ಲೇ ಮುಗಿಯುತ್ತೆ. ಆ ಒಂದು ಪೂರ್ತಿ ಓದು ಏನಿದೆ, ಅದನ್ನ ನಕಲು ತೆಗೆಯೋಕೆ ಖರ್ಚು ಮಾಡೋದು ಜಾಣತನ.

ಕಲ್ಪತರು ಸರ್, ಬೂಟ್ ಆಗುವಾಗ ವಿಂಡೋಸ್ ತಾನಾಗಿ ಚೆಕ್‌ಡಿಸ್ಕ್ ಶುರು ಮಾಡೋಕೆ ಹೊರಟರೆ ಕೆಲವು ಸೆಕೆಂಡ್ ಎಣಿಕೆ ತೋರಿಸುತ್ತೆ, ಆಗ ಯಾವುದಾದರೂ ಕೀ ಒತ್ತಿ ನಿಲ್ಲಿಸಿ.

ಕ್ಲೋನ್ ವಿಧಾನ ಹೀಗೆ. ಹೊಸ ಡಿಸ್ಕ್ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಆಗಲಿ. ಎಚ್61ರಲ್ಲಿ ಸಾಟಾ ಪೋರ್ಟ್‌ಗಳೆಲ್ಲ 3 ಗಿಗಾಬಿಟ್‌ನವು, ಸೆಕೆಂಡಿಗೆ ಸುಮಾರು 270-280 ಎಂಬಿಗಿಂತ ಮೇಲೆ ಹೋಗಲ್ಲ. ಆದರೂ ಚಿಕ್ಕ ಚಿಕ್ಕ ಕಡತ ಹುಡುಕೋದರಲ್ಲಿ ತಿರುಗುವ ಡಿಸ್ಕ್ ಇದರ ಹತ್ತಿರಕ್ಕೂ ಬರಲ್ಲ. ಗಾತ್ರ ನೋಡಿ ಕೊಳ್ಳಿ. ನಿಮ್ಮ 1 ಟಿಬಿಯಲ್ಲಿ 1,000,204,886,016 ಬೈಟ್ ಇರುತ್ತೆ. 960 ಜಿಬಿ ಅಂತ ಬರೆದಿರೋ ಎಸ್‌ಎಸ್‌ಡಿ ಇದಕ್ಕಿಂತ ಚಿಕ್ಕದು, ಕ್ಲೋನ್ ಕೊನೆಯಲ್ಲಿ ನಿಂತುಬಿಡುತ್ತೆ. 1 ಟಿಬಿ ಅಂತಲೇ ಇರೋದನ್ನ ತನ್ನಿ.

ಯುಎಸ್‌ಬಿ ಕೇಬಲ್ಲಿನಲ್ಲಿ ಮಾಡಬೇಡಿ. ಓದೋದು ತಡವಾದಾಗ ಅದರೊಳಗಿನ ಚಿಪ್ ಸಂಪರ್ಕ ಕಡಿದು ಮತ್ತೆ ಶುರು ಮಾಡುತ್ತೆ, ನಡುವೆ ಡಿಸ್ಕಿನ ಹೆಸರೇ ಬದಲಾಗಬಹುದು. ಡಿವಿಡಿ ಡ್ರೈವ್ ಇದ್ದರೆ ಅದರ ಸಾಟಾ ಡೇಟಾ ಮತ್ತು ಪವರ್ ಕೇಬಲ್ ಕಿತ್ತು ಎಸ್‌ಎಸ್‌ಡಿಗೆ ಕೊಡಿ.

ಸಿಸ್ಟಮ್‌ರೆಸ್ಕ್ಯೂ ಅನ್ನೋ ಲಿನಕ್ಸ್‌ನ ಐಎಸ್‌ಒ ಇಳಿಸಿ, ಬೇರೆ ಕಂಪ್ಯೂಟರಿನಲ್ಲಿ ರೂಫಸ್ ಬಳಸಿ ಪೆನ್‌ಡ್ರೈವ್ ಮಾಡಿ. ನಿಮ್ಮದು ಲೆಗಸಿ ಆದರೆ ರೂಫಸ್‌ನಲ್ಲಿ ಎಂಬಿಆರ್ ಆರಿಸಿ. ಅದರಿಂದ ಬೂಟ್ ಮಾಡಿದರೆ ವಿಂಡೋಸ್ ಏಳೋದೇ ಇಲ್ಲ, ಹಳೆಯ ಡಿಸ್ಕ್ ಮೇಲೆ ಯಾರೂ ಬರೆಯೋದಿಲ್ಲ.

ಅಲ್ಲಿ ಎಲ್‌ಎಸ್‌ಬಿಎಲ್‌ಕೆ ಆದೇಶದಿಂದ ಯಾವುದು ಹಳೇದು ಯಾವುದು ಹೊಸದು ಅಂತ ಮಾಡೆಲ್ ಮತ್ತು ಸೀರಿಯಲ್ ನಂಬರ್ ನೋಡಿ ಕಾಗದದಲ್ಲಿ ಬರೆದುಕೊಳ್ಳಿ. ಎಸ್‌ಡಿಎ, ಎಸ್‌ಡಿಬಿ ಅನ್ನೋ ಹೆಸರು ಪ್ರತಿ ಬೂಟ್‌ನಲ್ಲಿ ಅದಲು ಬದಲಾಗಬಹುದು, ನಿನ್ನೆ ನೋಡಿದ್ದನ್ನ ಇವತ್ತು ನಂಬಬೇಡಿ. ನಕಲು ಮಾಡೋ ಡಿಡಿರೆಸ್ಕ್ಯೂ ಆದೇಶದಲ್ಲಿ ಮೊದಲು ಬರೋದು ಮೂಲ, ಎರಡನೇದು ಗುರಿ, ಮೂರನೇದು ಮ್ಯಾಪ್ ಕಡತ (ಎಲ್ಲಿವರೆಗೆ ನಕಲಾಯ್ತು ಅನ್ನೋ ದಾಖಲೆ). ಮೊದಲೆರಡು ತಿರುಗುಮುರುಗಾದರೆ ಖಾಲಿ ಎಸ್‌ಎಸ್‌ಡಿ ನಿಮ್ಮ ಲೆಕ್ಕದ ಮೇಲೆ ಬರೆದುಹೋಗುತ್ತೆ. ಎಂಟರ್ ಒತ್ತೋ ಮೊದಲು ಇನ್ನೊಬ್ಬರಿಂದ ಓದಿಸಿ, ಇದನ್ನ ಉಪಚಾರಕ್ಕೆ ಹೇಳ್ತಿಲ್ಲ.

ಮೊದಲ ಸುತ್ತು: ಎಫ್ ಮತ್ತು ಎನ್ ಆಯ್ಕೆ. ಸುಲಭವಾಗಿ ಓದೋಕಾಗುವುದೆಲ್ಲ ಬೇಗ ಬಂದುಬಿಡುತ್ತೆ, ಕೆಟ್ಟ ಜಾಗವನ್ನ ಕೆದಕದೆ ದಾಟುತ್ತೆ. ಎರಡನೇ ಸುತ್ತು: ಎಫ್, ಡಿ, ಆರ್3, ಅದೇ ಮ್ಯಾಪ್ ಕಡತ. ಉಳಿದ ಚೂರುಗಳನ್ನ ಮಾತ್ರ ಮೂರು ಸಲ ಪ್ರಯತ್ನಿಸುತ್ತೆ. (ಟೈಪ್ ಮಾಡುವಾಗ ಇಂಗ್ಲಿಷ್ ಚಿಕ್ಕಕ್ಷರ, ಪ್ರತಿ ಆಯ್ಕೆಯ ಮುಂದೆ ಒಂದು ಅಡ್ಡಗೆರೆ.) ಮ್ಯಾಪ್ ಕಡತವನ್ನ ಮೂರನೇ ಜಾಗದಲ್ಲಿ, ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಇಡಿ. ಲೈವ್ ಲಿನಕ್ಸ್‌ನ ಒಳಗೇ ಇಟ್ಟರೆ ಕರೆಂಟ್ ಹೋದ ಕೂಡಲೇ ಅದೂ ಹೋಗುತ್ತೆ. ಮ್ಯಾಪ್ ಇದ್ದರೆ ನಿಂತಲ್ಲಿಂದ ಮುಂದುವರಿಯುತ್ತೆ. ಸೆಕೆಂಡಿಗೆ ಸರಾಸರಿ 130 ಎಂಬಿ ಅಂದುಕೊಂಡರೂ ಮೊದಲ ಸುತ್ತು ಎರಡು ಗಂಟೆ ದಾಟುತ್ತೆ.

ನಡುವೆ ಟಕ್ ಟಕ್ ಸದ್ದು ಶುರುವಾದರೆ ಅಲ್ಲಿಗೇ ಆಫ್ ಮಾಡಿ. ಅದು ಹೆಡ್‌ನ ಸದ್ದು, ಮುಂದಿನ ಪ್ರತಿ ನಿಮಿಷ ತಟ್ಟೆ ಗೀಚುತ್ತೆ. ಆಗ ಡೇಟಾ ತೆಗೆಯೋ ಲ್ಯಾಬ್‌ಗೇ ಕೊಡಬೇಕು.

---

ಬೆಸುಗೆ_ಕಡ್ಡಿ

ನಮಸ್ಕಾರ್ರಿ. ಪ್ಲಾಟರ್ ಸರ್ ಹೇಳಿದ್ದು ಖರೇ ಅದ. ಸಿ7 ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ಕ್ಲೋನ್‌ಕ್ಕಿಂತ ಮೊದ್ಲ ಅದನ್ನ ಸರಿ ಮಾಡ್ಕೊಬೇಕು.

ಸಿ7 ಅಂದ್ರ ಡಿಸ್ಕಿನ ತಟ್ಟಿ ಕೆಟ್ಟದ ಅಂತ ಅಲ್ರಿ. ಡಿಸ್ಕಿನಿಂದ ಬೋರ್ಡಿಗೆ ಹೋಗೋ ದಾರ್ಯಾಗ ಡೇಟಾ ಹೊಲಸಾಗಿ, ಮತ್ತೊಮ್ಮೆ ಕಳಿಸಬೇಕಾತು ಅಂತ. ಕೇಬಲ್, ಕನೆಕ್ಟರ್, ಪೋರ್ಟ್, ಇಲ್ಲಾ ಪವರ್. ಇವೆಂಟ್ 129 ಅಂದ್ರ ಡಿಸ್ಕ್ ಉತ್ತರ ಕೊಡಲಿಲ್ಲ, ವಿಂಡೋಸ್ ಅದನ್ನ ರೀಸೆಟ್ ಮಾಡ್ತು ಅಂತ. ಇವೆಂಟ್ 7 ಅಂದ್ರ ಸೆಕ್ಟರ್ ಕೆಟ್ಟದ ಅಂತ. ನಿಮಗ ಎರಡೂ ಬಂದಾವ, ಅಂದ್ರ ಎರಡೂ ಕಡೆ ನೋಡ್ಬೇಕು.

ಹಳೇ ಸಾಟಾ ಕೇಬಲ್ಲಿಗೆ ಲೋಹದ ಲಾಕ್ ಇರೂದಿಲ್ಲ, ವರ್ಷಾನುಗಟ್ಟಲೆ ಅದುರಿ ಅದುರಿ ಸಡಲ ಆಗ್ತದ. ಲಾಕ್ ಇದ್ದದ್ದು ಹೊಸಾದು ತಗೊಳ್ರಿ, ಅರ್ಧ ಮೀಟರ್ ಸಾಕು. ಕ್ಯಾಬಿನೆಟ್ ಒಳಗಿನ ಸಾಟಾ ಕೇಬಲ್ಲಿಗೆ 1 ಮೀಟರ್ ಮಿತಿ ಅದ. ಚೂಪಾಗಿ ಮಡಚಿ ರಬ್ಬರ್ ಬ್ಯಾಂಡ್ ಹಾಕಬ್ಯಾಡ್ರಿ. ಒಂದ ಸಲಕ್ಕ ಒಂದ ಬದ್ಲಿ ಮಾಡ್ರಿ: ಮೊದ್ಲ ಕೇಬಲ್, ಎಣಿಕಿ ನೋಡ್ರಿ, ಏರಿದ್ರ ಪೋರ್ಟ್ ಬದ್ಲಿ, ಮತ್ತ ನೋಡ್ರಿ. ಈ ಎಣಿಕಿ ಯಾವತ್ತೂ ಇಳಿಯೂದಿಲ್ಲ. ಕೇಬಲ್ ಬದ್ಲಿ ಮಾಡಿದ್ರೂ 1ಎ3 ಹಂಗ ಇರ್ತದ, ಏರಲಿಲ್ಲ ಅಂದ್ರ ಗೆದ್ದಂಗ.

ಪವರ್ ನೋಡೂದು: ಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು, ನಾಲ್ಕು ಪಿನ್ನಿನ ಮೊಲೆಕ್ಸ್ ಕನೆಕ್ಟರಿನ್ಯಾಗ ಕಪ್ಪು ವೈರಿಗೆ ಕಪ್ಪು ಕಡ್ಡಿ, ಹಳದಿಗೆ ಕೆಂಪು ಕಡ್ಡಿ. 11.4ರಿಂದ 12.6ರೊಳಗ ಇರ್ಬೇಕು. ಆಮ್ಯಾಲ ಕೆಂಪು ವೈರ್, 4.75ರಿಂದ 5.25. ಸಿಸ್ಟಂ ಸುಮ್ನ ಇದ್ದಾಗ ಅಲ್ಲ, ದೊಡ್ಡ ಫೈಲ್ ಕಾಪಿ ಆಗ್ಲಿಕ್ಕ ಹತ್ತಿದಾಗ ಅಳೀರಿ. 3.5 ಇಂಚಿನ ಡಿಸ್ಕ್ ತಿರುಗಲಿಕ್ಕೆ ಶುರು ಮಾಡೂ ಹೊತ್ತಿಗೆ 12 ವೋಲ್ಟಿನ ಮ್ಯಾಲೆ ಸುಮಾರು 2 ಆಂಪಿಯರ್ ಎಳೀತದ. ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್ ಉಬ್ಬಿದ್ರ ಅಲ್ಲೇ ವೋಲ್ಟೇಜ್ ಕುಸೀತದ.

ಮೊಲೆಕ್ಸ್‌ನಿಂದ ಸಾಟಾಕ್ಕ ಮಾಡೂ ಅಡಾಪ್ಟರ್ ಹಾಕಿದ್ರ ಒಮ್ಮೆ ಬಿಚ್ಚಿ ನೋಡ್ರಿ. ಪ್ಲಾಸ್ಟಿಕ್ ಎರಕ ಹೊಯ್ದ ನಮೂನಿಯವು ಒಳಗ ವೈರ್ ವೈರಿಗೆ ತಾಗಿ ಸುಟ್ಟು ಹೋಗ್ತಾವ. ಕಂದು ಬಣ್ಣ ಇಲ್ಲಾ ಸುಟ್ಟ ವಾಸನಿ ಇದ್ರ ಆ ಹೊತ್ತಿಗೇ ತಗೀರಿ. ಮತ್ತ ಕ್ಯಾಬಿನೆಟ್ ಮುಟ್ಟಿದ್ರ ಜುಮ್ ಅಂತದಂದ್ರ ಅರ್ಥಿಂಗ್ ಇಲ್ಲಂತ ತಿಳ್ಕೊಳ್ರಿ, ಎಲೆಕ್ಟ್ರೀಷಿಯನ್ನರನ್ನ ಕರೀರಿ. ಯುಪಿಎಸ್ ಬ್ಯಾಟರಿ ಈ ವಾರನ ಹಾಕಿಸ್ರಿ, ಎಸ್‌ಎಸ್‌ಡಿಗೂ ನಡುವ ಕರೆಂಟ್ ಹೋಗೂದು ಒಳ್ಳೇದಲ್ಲ.

---

ಕರಾವಳಿ_ಬೈಟ್

ಇದೇ ತರಹದ್ದು ಅಂತ ಇಲ್ಲೇ ಕೇಳ್ತಿದ್ದೇನೆ, ಕ್ಷಮಿಸಿ. ಹೊಸ ಲ್ಯಾಪ್‌ಟಾಪ್, ಇಂಟೆಲ್ 12ನೇ ತಲೆಮಾರು. ವಿಂಡೋಸ್ 11 ಹೊಸದಾಗಿ ಹಾಕಲು ಹೋದರೆ ಡಿಸ್ಕ್ ಪಟ್ಟಿಯೇ ಖಾಲಿ. ಬಯೋಸ್‌ನಲ್ಲಿ ಎಸ್‌ಎಸ್‌ಡಿ ಹೆಸರು ಕಾಣುತ್ತದೆ. ಡಿಸ್ಕ್ ಕೆಟ್ಟಿದೆಯಾ?

---

ಪ್ಲಾಟರ್

ಕರಾವಳಿ ಅವರೇ, ಕೆಟ್ಟಿಲ್ಲ. ಇಂಟೆಲ್ 11ನೇ ತಲೆಮಾರಿನಿಂದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ವಿಎಂಡಿ ಅನ್ನೋ ನಿಯಂತ್ರಕದ ಹಿಂದೆ ಕೂತಿರುತ್ತೆ, ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಅದರ ಡ್ರೈವರ್ ಇಲ್ಲದಿದ್ದರೆ ಪಟ್ಟಿ ಖಾಲಿ. ಲ್ಯಾಪ್‌ಟಾಪ್ ಕಂಪನಿಯ ಪುಟದಿಂದ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿ, ಐಎನ್‌ಎಫ್ ಕಡತಗಳಿರೋ ಫೋಲ್ಡರನ್ನ ಇನ್‌ಸ್ಟಾಲ್ ಪೆನ್‌ಡ್ರೈವ್‌ಗೇ ಹಾಕಿ, ಡಿಸ್ಕ್ ಆರಿಸೋ ಪುಟದಲ್ಲಿ 'ಲೋಡ್ ಡ್ರೈವರ್' ಒತ್ತಿ. ಇನ್ನೊಂದು ದಾರಿ ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡೋದು. ಏಸರ್‌ನ ಕೆಲವು ಮಾಡೆಲ್‌ಗಳಲ್ಲಿ ಆ ಸಾಲು ಅಡಗಿರುತ್ತೆ, ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಕಾಣುತ್ತೆ.

ಈಗಾಗಲೇ ಓಡ್ತಿರೋ ವಿಂಡೋಸ್ ಇದ್ದು ಅದನ್ನ ಉಳಿಸಿಕೊಳ್ಳಬೇಕಾದರೆ ಮಾತ್ರ ಹಾಗೇ ಆಫ್ ಮಾಡಬೇಡಿ, ಮೇಲಿನ ಅದೇ ನೀಲಿ ಪರದೆ ಬರುತ್ತೆ. ಮೊದಲು ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕೋ ಬೀಗ) ತಾತ್ಕಾಲಿಕವಾಗಿ ನಿಲ್ಲಿಸಿ, ರಿಕವರಿ ಕೀಯ 48 ಅಂಕಿ ಬೇರೆ ಕಡೆ ಬರೆದಿಟ್ಟುಕೊಳ್ಳಿ. ಎಂಎಸ್‌ಕಾನ್ಫಿಗ್‌ನ ಬೂಟ್ ಪುಟದಲ್ಲಿ ಸೇಫ್ ಬೂಟ್ ಟಿಕ್ ಮಾಡಿ ರೀಸ್ಟಾರ್ಟ್, ನೇರ ಬಯೋಸ್‌ಗೆ ಹೋಗಿ ಬದಲಾಯಿಸಿ. ಸೇಫ್ ಮೋಡ್‌ನಲ್ಲಿ ಏಳುವಾಗ ವಿಂಡೋಸ್ ಬೇಕಾದ ಡ್ರೈವರ್ ಎಬ್ಬಿಸಿಕೊಳ್ಳುತ್ತೆ. ಆಮೇಲೆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್. ಹಳೆಯ ಸಿಸ್ಟಂನಲ್ಲಿ ಐಡಿಇಯಿಂದ ಎಎಚ್‌ಸಿಐಗೆ ಹೋಗೋದಕ್ಕೂ ಇದೇ ದಾರಿ.

---

ಕಲ್ಪತರು_ಲೆಕ್ಕ

ಎಲ್ಲರಿಗೂ ತುಂಬಾ ಧನ್ಯವಾದ. ಮಾಡಿದ್ದು ಬರೀತೀನಿ.

ಹಳೆ ಬ್ಯಾಟರಿ 2.41 ವೋಲ್ಟ್. ಹೊಸದು ಹಾಕಿ, ರಾತ್ರಿ ಪೂರ್ತಿ ಸ್ವಿಚ್ ಆರಿಸಿಟ್ಟು ಬೆಳಿಗ್ಗೆ ಹಾಕಿದೆ, ತಾರೀಖು ಸರಿ, ಎಎಚ್‌ಸಿಐ ಹಾಗೇ ಇದೆ. ಕೇಬಲ್ ಬದಲಾಯಿಸಿದೆ. ಕಾಪಿ ಆಗುವಾಗ ಹಳದಿ ವೈರ್ 11.92, ಕೆಂಪು 5.04. ಟ್ಯಾಲಿ ಫೋಲ್ಡರ್ ಎರಡು ಪೆನ್‌ಡ್ರೈವ್‌ನಲ್ಲಿ ಇದೆ. ಡಿಡಿರೆಸ್ಕ್ಯೂ ಎರಡೂ ಸುತ್ತು ಮುಗಿದು, 5 ಜಾಗದಲ್ಲಿ ಒಟ್ಟು 20,480 ಬೈಟ್ ಬರಲಿಲ್ಲ ಅಂತಿದೆ. ಸಿ7 ಈಗಲೂ 1ಎ3, ಒಂದೂ ಏರಿಲ್ಲ. ಆ ಐದು ಜಾಗದಲ್ಲಿ ಯಾವ ಕಡತ ಇತ್ತು ಅಂತ ತಿಳಿಯೋಕೆ ಆಗುತ್ತಾ? ಹಳೆ ಡಿಸ್ಕ್ ಏನು ಮಾಡಲಿ?

---

ಪ್ಲಾಟರ್

20,480 ಅಂದರೆ 4096ರ ಐದು ಪಟ್ಟು, ಐದೇ ಸೆಕ್ಟರ್. ಒಳ್ಳೇ ಸುದ್ದಿ.

ಮೊದಲು ಹಳೆ ಡಿಸ್ಕ್ ಕಿತ್ತು ಎಸ್‌ಎಸ್‌ಡಿಯಿಂದ ಮಾತ್ರ ಬೂಟ್ ಮಾಡಿ. ಎರಡರ ಗುರುತಿನ ಸಂಖ್ಯೆಯೂ ಒಂದೇ ಆಗಿರೋದರಿಂದ ಜೊತೆಗೆ ಇಟ್ಟರೆ ವಿಂಡೋಸ್ ಒಂದನ್ನ ಆಫ್‌ಲೈನ್ ಮಾಡುತ್ತೆ, ಯಾವುದರಿಂದ ಎದ್ದಿದೆ ಅಂತಲೂ ಗೊಂದಲ.

ಕಡತ ಹುಡುಕೋದು: ಮ್ಯಾಪ್ ಕಡತದಲ್ಲಿ ಮೈನಸ್ ಗುರುತಿರೋ ಸಾಲುಗಳು ಕೆಟ್ಟವು. ಅಲ್ಲಿನ ಮೊದಲ ಸಂಖ್ಯೆ ಬೈಟ್‌ನಲ್ಲಿ, ಹದಿನಾರರ ಎಣಿಕೆಯಲ್ಲಿದೆ. ನಮ್ಮ ಎಣಿಕೆಗೆ ತಂದು 512ರಿಂದ ಭಾಗಿಸಿದರೆ ಸೆಕ್ಟರ್ ಸಂಖ್ಯೆ. ಅದರಿಂದ ಪಾರ್ಟಿಶನ್ ಶುರುವಾಗೋ ಸೆಕ್ಟರ್ ಕಳೆದು 8ರಿಂದ ಭಾಗಿಸಿ, ಕ್ಲಸ್ಟರ್ ಸಂಖ್ಯೆ ಸಿಗುತ್ತೆ. ಉದಾಹರಣೆಗೆ ಸೆಕ್ಟರ್ 612,345,856, ಡಿ ಶುರುವಾಗೋದು 409,602,048ರಲ್ಲಿ ಅಂತಿಟ್ಟುಕೊಳ್ಳಿ: ಕಳೆದರೆ 202,743,808, ಎಂಟರಿಂದ ಭಾಗಿಸಿದರೆ 25,342,976. ಇದು ಕ್ಲಸ್ಟರ್ 4 ಕೆಬಿ ಇದ್ದಾಗಿನ ಲೆಕ್ಕ, ಸಾಮಾನ್ಯವಾಗಿ ಹಾಗೇ ಇರುತ್ತೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಫ್‌ಎಸ್‌ಯುಟಿಲ್, ವಾಲ್ಯೂಮ್, ಕ್ವೆರಿಕ್ಲಸ್ಟರ್, ಡಿ ಕೋಲನ್, ಆಮೇಲೆ ಆ ಸಂಖ್ಯೆ. ಈ ಕ್ರಮದಲ್ಲಿ ಕೊಡಿ. ಕಡತದ ಹೆಸರು ಬರುತ್ತೆ. ಹೆಸರು ಬರದಿದ್ದರೆ ಅದು ಖಾಲಿ ಜಾಗ. ಇದನ್ನ ಮಾಡಿದ ಮೇಲೇ, ಎಸ್‌ಎಸ್‌ಡಿ ಮೇಲೆ ಚೆಕ್‌ಡಿಸ್ಕ್ ಸ್ಲ್ಯಾಷ್ ಎಫ್ ಓಡಿಸಿ. ಮೂಲ ಪಕ್ಕಕ್ಕೆ ಇರೋದರಿಂದ ಈಗ ಅದು ಅಪಾಯ ಅಲ್ಲ, ಹಳೇ_ಫ್ಲಾಪಿ ಅವರ ಸಲಹೆಗೆ ಸರಿಯಾದ ಜಾಗ ಇದೇ.

ಹಳೆ ಡಿಸ್ಕನ್ನ ಒಂದು ತಿಂಗಳು ಮುಟ್ಟದೆ ಇಡಿ. ಲೆಕ್ಕ ಎಲ್ಲ ತಾಳೆ ಆಯ್ತು ಅಂತ ಖಾತ್ರಿ ಆದ ಮೇಲೆ ಬೇರೆ ಸಿಸ್ಟಂಗೆ ಹಾಕಿ, 'ಕ್ವಿಕ್' ಟಿಕ್ ತೆಗೆದು ಎಲ್ಲ ಪಾರ್ಟಿಶನ್ ಪೂರ್ತಿ ಫಾರ್ಮ್ಯಾಟ್ ಮಾಡಿ. ಎಲ್ಲ ಕಡೆ ಸೊನ್ನೆ ಬರೆಯುತ್ತೆ, ಕಾಯುವ ಸೆಕ್ಟರ್‌ಗಳ ತೀರ್ಮಾನವೂ ಆಗುತ್ತೆ. ಸಿ5 ಸೊನ್ನೆಗೆ ಇಳಿದು 05 ಸೊನ್ನೆಯಲ್ಲೇ ಉಳಿದರೆ, ಅದು ಕರೆಂಟ್ ಹೋದದ್ದರ ಗಾಯ. ಎರಡನೇ ಬ್ಯಾಕಪ್‌ಗೆ ಬಳಸಬಹುದು, ಏಕೈಕ ಬ್ಯಾಕಪ್ ಆಗಿ ಬೇಡ. 05 ಏರಿದರೆ, ಅಥವಾ ಕೆಲವು ದಿನದಲ್ಲಿ ಸಿ5 ಮತ್ತೆ ಬಂದರೆ, ಇ-ತ್ಯಾಜ್ಯಕ್ಕೆ.

---

ಕಲ್ಪತರು_ಲೆಕ್ಕ

ಹುಡುಕಿದೆ ಸರ್. ಮೂರು ಖಾಲಿ ಜಾಗ. ಒಂದು ಸಿ ಡ್ರೈವ್‌ನ ಹೈಬರ್‌ಫಿಲ್ ಕಡತದಲ್ಲಿ (ವಿಂಡೋಸ್ ತಾನೇ ಮತ್ತೆ ಮಾಡಿಕೊಳ್ಳೋದು). ಐದನೇದು ಮಾರ್ಚ್‌ಗಿಂತ ಹಿಂದಿನ ಒಂದು ಟ್ಯಾಲಿ ಬ್ಯಾಕಪ್‌ನಲ್ಲಿ, ಅದರ ಪ್ರತಿ ಪೆನ್‌ಡ್ರೈವ್‌ನಲ್ಲಿ ಇದೆ. ಚೆಕ್‌ಡಿಸ್ಕ್ ದೋಷ ಇಲ್ಲ ಅಂತು. ಯುಪಿಎಸ್‌ಗೆ ಬ್ಯಾಟರಿ ನಾಳೆ ಬರುತ್ತೆ. ಒಂದು ಮಾತ್ರ ಉಳಿದಿದೆ: ಇನ್ನೊಂದು ಹಳೆ ಕಂಪ್ಯೂಟರಿಗೆ ನುಡಿ ಕಡತ ಒಂದಿಷ್ಟು ಹಾಕಿದರೆ ಅಕ್ಷರ ಎಲ್ಲ ಗೋಜಲಾಗಿ ಕಾಣ್ತಿದೆ. ಕಡತ ಕೆಟ್ಟಿದೆಯಾ?

---

ಹಳೇ_ಫ್ಲಾಪಿ

ಕೆಟ್ಟಿಲ್ಲ ಸರ್. ಅವು ಯೂನಿಕೋಡ್‌ಗಿಂತ ಹಿಂದಿನ ಪದ್ಧತಿಯವು, ಅಕ್ಷರದ ಆಕಾರ ಫಾಂಟ್‌ನಲ್ಲೇ ಇರುತ್ತೆ. ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಅಂತ ಶುರುವಾಗೋ ಕಡತಗಳನ್ನ ಪೆನ್‌ಡ್ರೈವ್‌ಗೆ ನಕಲಿಸಿ, ಆ ಕಂಪ್ಯೂಟರಿನಲ್ಲಿ ಬಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಡಿ. ವರ್ಡ್ ಮುಚ್ಚಿ ಮತ್ತೆ ತೆರೆದರೆ ಕನ್ನಡ ಬರುತ್ತೆ. ಗೋಜಲು ಕಾಣ್ತಿರುವಾಗ ಫಾಂಟ್ ಬದಲಾಯಿಸಿ ಸೇವ್ ಮಾತ್ರ ಮಾಡಬೇಡಿ, ಯಾವ ಸಾಲು ಯಾವ ಫಾಂಟ್‌ನಲ್ಲಿತ್ತು ಅನ್ನೋ ಮಾಹಿತಿ ಅಳಿಸಿಹೋಗುತ್ತೆ.